ಹಳೇ ಬುಲೆಟ್: ಕಾರ್ಬುರೇಟರ್ ಪೈಪುಗಳ ತುದಿ ಎಲ್ಲಿ ಬಿಡಬೇಕು? ಬ್ರೀದರ್ ಪೈಪಿನಿಂದ ಆಯಿಲ್ ಕೂಡ ಬರುತ್ತಿದೆ

ತೀರ್ಥಹಳ್ಳಿ ಬುಲೆಟ್

ಎಲ್ಲರಿಗೂ ನಮಸ್ಕಾರ. ಅಪ್ಪನ 1986ರ ಬುಲೆಟ್ 350 ಇದೆ. ಎರಡು ವರ್ಷ ಅಡಿಕೆ ಗೋಡೌನಿನಲ್ಲಿ ಸುಮ್ನೆ ನಿಂತಿತ್ತು. ಈ ಬೇಸಿಗೆಯಲ್ಲಿ ನಾನೇ ಕೂತು ಕಾರ್ಬುರೇಟರ್ ಬಿಚ್ಚಿ ತೊಳೆದೆ. ಈಗ ಅದರಲ್ಲಿರುವುದು ಮಿಕ್‌ಕಾರ್ಬ್ ವಿಎಂ 24. ಹಳೇ ಪೈಪುಗಳೆಲ್ಲ ಕಡ್ಡಿಯ ಹಾಗೆ ಗಟ್ಟಿಯಾಗಿದ್ದವು, ಎಳೆದ ಕೂಡಲೇ ಮುರಿದವು. ಯಾವುದು ಎಲ್ಲಿಗೆ ಹೋಗಿತ್ತು ಅಂತ ನೋಡಿಕೊಳ್ಳಲು ಆಗಲೇ ಇಲ್ಲ.

ಕಾರ್ಬುರೇಟರಿನ ಎರಡು ಪಕ್ಕದಲ್ಲಿ ಒಂದೊಂದು ಸಣ್ಣ ಹಿತ್ತಾಳೆ ಮೂತಿ ಇದೆ. ಅಡಿಯಲ್ಲಿ ಪೆಟ್ರೋಲ್ ನಿಲ್ಲುವ ಬೌಲಿನಲ್ಲಿ ಇನ್ನೊಂದು. ಮೂರಕ್ಕೂ ಹೊಸ ಪೈಪು ಹಾಕಿದೆ. ಎರಡು ಟಿ ಜಾಯಿಂಟ್ ಕೊಟ್ಟು ಮೂರನ್ನೂ ಸೇರಿಸಿ ಒಂದೇ ಪೈಪು ಮಾಡಿ, ಸೆಂಟರ್ ಸ್ಟ್ಯಾಂಡ್ ಹತ್ತಿರ ಕೆಳಗೆ ಬಿಟ್ಟೆ. ನೋಡಲು ನೀಟಾಗಿತ್ತು. ಆಮೇಲೆ ಒಂದು ತಿಂಗಳು ತೋಟದ ಕೆಲಸ, ಗಾಡಿ ಮುಟ್ಟಲಿಲ್ಲ.

ಹೋದ ಭಾನುವಾರ ಹೆಬ್ರಿಗೆ ಹೋಗಿ ವಾಪಸ್ ಬರುತ್ತಿದ್ದೆ. ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುವಾಗ ಸಣ್ಣ ಮಳೆ. ನಾಲ್ಕನೇ ತಿರುವು ಮುಗಿಯುವಷ್ಟರಲ್ಲಿ ಇಂಜಿನ್ ಸೋತಿತು. ಕಾರ್ಬುರೇಟರ್ ಕಡೆಯಿಂದ ಎರಡು ಸಲ ಫಟ್ ಫಟ್ ಅಂದು ನಿಂತೇಹೋಯ್ತು. ಐದು ನಿಮಿಷ ಬಿಟ್ಟು ಕಿಕ್ ಹೊಡೆದರೆ ಸ್ಟಾರ್ಟ್. ಮತ್ತೆ ಎರಡು ತಿರುವು, ಮತ್ತೆ ಬಂದ್. 14 ತಿರುವು ಹತ್ತಲು ಒಂದೂವರೆ ಗಂಟೆ ಆಯ್ತು. ಊರೊಳಗೆ ಓಡಿಸಿದರೆ ಏನೂ ಆಗುವುದಿಲ್ಲ. ಪ್ಲಗ್ ಹೊಸದು.

ಇನ್ನೊಂದು ತೊಂದರೆ. ಇಂಜಿನ್ ಬ್ರೀದರ್ ಪೈಪಿನಿಂದ (ಇಂಜಿನ್ ಒಳಗಿನ ಗಾಳಿ ಹೊರಗೆ ಹೋಗುವ ಪೈಪು) ಆಯಿಲ್ ಬಂದು ಹಿಂದಿನ ಟೈರಿನ ಎಡಪಕ್ಕ ಪೂರ್ತಿ ಒದ್ದೆಯಾಗಿತ್ತು. ಮನೆಗೆ ಬಂದು ನೋಡಿದಾಗ ಎದೆ ಝಲ್ ಅಂತು. ಟ್ಯಾಪೆಟ್ ಕವರಿನ ಸಂದಿಯಲ್ಲೂ ಆಯಿಲ್ ಜಿನುಗುತ್ತಿದೆ. ಬ್ರೀದರ್ ಪೈಪು ಕೂಡ ನಾನೇ ಬದಲಾಯಿಸಿದ್ದು, ಹಾರ್ಡ್‌ವೇರ್ ಅಂಗಡಿಯ ಪಾರದರ್ಶಕ ಪೈಪು.

ಮಳೆಗಾಲ ಜೋರಾಗುವ ಮುಂಚೆ ಸರಿಮಾಡಿಕೊಳ್ಳಬೇಕು. ದಯವಿಟ್ಟು ಹೇಳಿ.

ಹಾಸನದ ಆರ್‌ಎಕ್ಸ್

ಗುರು, ಮೊದಲು ಟ್ಯಾಂಕ್ ಮುಚ್ಚಳ ನೋಡಿ. ಮುಚ್ಚಳದಲ್ಲಿ ಗಾಳಿ ಒಳಗೆ ಹೋಗಲು ಸಣ್ಣ ತೂತು ಇರುತ್ತದೆ. ಅದು ಕಟ್ಟಿದರೆ ಟ್ಯಾಂಕಿನಿಂದ ಪೆಟ್ರೋಲ್ ಇಳಿಯುವುದಿಲ್ಲ, ನೀವು ಹೇಳಿದ ಹಾಗೇ ನಿಂತು ನಿಂತು ಹೋಗುತ್ತದೆ. ಗಾಡಿ ನಿಂತ ಕೂಡಲೇ ಮುಚ್ಚಳ ತೆಗೆಯಿರಿ. ಉಸ್ ಅಂತ ಗಾಳಿ ಎಳೆದುಕೊಂಡರೆ ಅದೇ ಕಳ್ಳ.

ತೀರ್ಥಹಳ್ಳಿ ಬುಲೆಟ್

ಘಾಟಿಯಲ್ಲಿ ಅದನ್ನೂ ಮಾಡಿದೆ. ಮೂರನೇ ಸಲ ನಿಂತಾಗ ಮುಚ್ಚಳ ತೆಗೆದೆ, ಏನೂ ಸದ್ದು ಇಲ್ಲ. ಮುಚ್ಚಳ ಸಡಿಲ ಬಿಟ್ಟೇ ಓಡಿಸಿದೆ, ಆಗಲೂ ನಿಂತಿತು. ಮಳೆ ನೀರು ಕಾರ್ಬುರೇಟರಿಗೆ ಹೋಗಿದೆ ಅಂತ ನನ್ನ ಅನುಮಾನ.

ಎಣ್ಣೆಕೈ

ಮೂವತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ ತಮ್ಮ, ಬುಲೆಟ್ ಜಾಸ್ತಿ ಬರುತ್ತವೆ. ಒಂದು ವಿಷಯ ಮೊದಲೇ ಹೇಳುತ್ತೇನೆ. ಮೂರು ಪೈಪನ್ನು ಒಂದು ಮಾಡಿದ್ದು ತಪ್ಪು. ಅವು ನೋಡಲು ಒಂದೇ ಥರ ಇದ್ದರೂ ಕೆಲಸ ಬೇರೆ ಬೇರೆ.

ಪಕ್ಕದ ಎರಡು ಮೂತಿ ಏರ್ ವೆಂಟ್. ಅವುಗಳಿಂದ ಏನೂ ಹೊರಗೆ ಬರಬೇಕಾಗಿಲ್ಲ, ಗಾಳಿ ಒಳಗೆ ಹೋಗಬೇಕು. ಅಡಿಯದು ಓವರ್‌ಫ್ಲೋ. ಬೌಲಿನೊಳಗೆ ಒಂದು ಹಿತ್ತಾಳೆ ನಳಿಕೆ ನಿಂತಿರುತ್ತದೆ. ಪೆಟ್ರೋಲ್ ಮಟ್ಟ ಅದರ ತಲೆ ದಾಟಿದರೆ ಅದರೊಳಗೆ ಇಳಿದು ಕೆಳಗೆ ಸುರಿಯುತ್ತದೆ, ಇಂಜಿನ್ ಒಳಗೆ ಹೋಗುವುದಿಲ್ಲ.

ವೆಂಟ್ ಯಾಕೆ ಬೇಕು ಅಂದರೆ, ಎಣ್ಣೆ ಟಿನ್ ನೆನಪು ಮಾಡಿಕೊಳ್ಳಿ. 15 ಕೆಜಿ ಟಿನ್ನಿಗೆ ಒಂದೇ ತೂತು ಹೊಡೆದು ಬಗ್ಗಿಸಿದರೆ ಎಣ್ಣೆ ಬುಳುಕ್ ಬುಳುಕ್ ಅಂತ ನಿಂತು ನಿಂತು ಬರುತ್ತದೆ. ಎದುರು ಮೂಲೆಗೆ ಇನ್ನೊಂದು ತೂತು ಹೊಡೆದರೆ ಒಂದೇ ಧಾರೆ. ಕಾರ್ಬುರೇಟರ್ ಬೌಲ್ ಕೂಡ ಅಂಥದ್ದೇ ಟಿನ್ನು. ಇಂಜಿನ್ ಜೆಟ್ ಮೂಲಕ, ಅಂದರೆ ಬೌಲಿನೊಳಗಿನ ಸಣ್ಣ ತೂತಿನ ಮೂಲಕ, ಪೆಟ್ರೋಲ್ ಎಳೆಯುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ನಿಜವಾಗಿ, ವೆಂಟಿನಿಂದ ಬಂದ ಗಾಳಿ ಮೇಲಿಂದ ಒತ್ತಿದ್ದಕ್ಕೇ ಪೆಟ್ರೋಲ್ ಜೆಟ್ಟಿನಲ್ಲಿ ಮೇಲೇರುತ್ತದೆ. ವೆಂಟ್ ಕಟ್ಟಿದರೆ ಒತ್ತಲು ಯಾರೂ ಇಲ್ಲ. ಊರೊಳಗೆ ಪೆಟ್ರೋಲ್ ಕಡಿಮೆ ಬೇಕು, ಸಂದಿಗೊಂದಿಯಿಂದ ಬಂದ ಗಾಳಿ ಸಾಕಾಗುತ್ತದೆ. ಘಾಟಿಯಲ್ಲಿ ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹತ್ತಿಸುವಾಗ ಸಾಕಾಗುವುದಿಲ್ಲ. ಪೆಟ್ರೋಲ್ ಕಡಿಮೆ ಆಗಿ ಗಾಳಿ ಜಾಸ್ತಿ ಆದಾಗಲೇ ಕಾರ್ಬುರೇಟರ್ ಹಾಗೆ ಫಟ್ ಅನ್ನುವುದು. ಐದು ನಿಮಿಷ ನಿಂತರೆ ಒಳಗೂ ಹೊರಗೂ ಗಾಳಿ ಸಮ ಆಗುತ್ತದೆ, ಮತ್ತೆ ಸ್ಟಾರ್ಟ್.

ಈಗ ಒಂದು ಕೆಲಸ ಮಾಡಿ. ಕೆಳಗೆ ಬಿಟ್ಟ ಆ ಒಂದು ಪೈಪನ್ನು ಟಿ ಜಾಯಿಂಟಿನಿಂದ ಬಿಚ್ಚಿ, ತುದಿ ಒರೆಸಿ, ಬಾಯಲ್ಲಿ ಊದಿ ನೋಡಿ. ಏನಾಯ್ತು ಬರೆಯಿರಿ. ಹಾಗೇ ಪೆಟ್ರೋಲ್ ಪೈಪು ಕಾಣುವಂತೆ ಒಂದು ಫೋಟೋ ಹಾಕಿ.

ತೀರ್ಥಹಳ್ಳಿ ಬುಲೆಟ್

ಅಣ್ಣಾ, ಊದಿದರೆ ಗಾಳಿ ಹೋಗುವುದೇ ಇಲ್ಲ! ಕೆನ್ನೆ ಉಬ್ಬಿತು ಅಷ್ಟೇ. ಎರಡನೇ ಸಲ ಜೋರಾಗಿ ಊದಿದಾಗ ಎಲ್ಲೋ ಸಣ್ಣಗೆ ಸಿಳ್ಳೆಯಂತೆ ಸ್ವಲ್ಪ ಗಾಳಿ ಹೋಯ್ತು.

ತುದಿ ಬಗ್ಗಿಸಿ ಟಾರ್ಚ್ ಬಿಟ್ಟು ನೋಡಿದೆ. ಒಳಗೆ ಅರ್ಧ ಇಂಚು ಆಳದಲ್ಲಿ ಕೆಂಪು ಮಣ್ಣು. ಹೆಂಡತಿಯ ಹೇರ್‌ಪಿನ್ ನೆಟ್ಟಗೆ ಮಾಡಿ ಕೆದಕಿದೆ. ಮಣ್ಣು ಕಡಲೆಕಾಳಿನ ಹಾಗೆ ಉಂಡೆಯಾಗಿ ಬಂತು, ಕಲ್ಲಿನಷ್ಟು ಗಟ್ಟಿ. ಅದರ ಹಿಂದೆ ಒಣಗಿ ಸುರುಟಿಹೋದ ಒಂದು ಹಸಿರು ಹುಳ, ಅದರ ಹಿಂದೆ ಮತ್ತೆ ಮಣ್ಣು. ನಮ್ಮ ಗೋಡೌನಿನ ಕಿಟಕಿ ಸಂದಿಯಲ್ಲಿ, ಬಾಗಿಲ ಬೀಗದ ತೂತಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟುತ್ತದೆ. ಅದೇ ಇದು. ಗಾಡಿ ಒಂದು ತಿಂಗಳು ನಿಂತಿದ್ದಾಗ ಪೈಪಿನೊಳಗೂ ಕಟ್ಟಿದೆ. ಮಳೆ ನೀರು ಅಂತ ನಾನು ಸುಮ್ನೆ ಅಂದುಕೊಂಡಿದ್ದೆ.

ಪೆಟ್ರೋಲ್ ಪೈಪಿನ ಫೋಟೋ ಹಾಕಿದ್ದೇನೆ.

ಕೊಪ್ಪದ ಮೇಷ್ಟ್ರು

ನಮ್ಮ ಕಡೆ ಇದು ತುಂಬಾ ಆಗುತ್ತದೆ. ನನ್ನ ಸ್ಕೂಟರಿನ ಓವರ್‌ಫ್ಲೋ ಪೈಪಿನಲ್ಲೂ ಕಟ್ಟಿತ್ತು. ಗಾಡಿ ವಾರಗಟ್ಟಲೆ ನಿಲ್ಲಿಸುವುದಾದರೆ ಪೈಪಿನ ತುದಿಗಳಿಗೆ ಸಣ್ಣ ಬಟ್ಟೆ ಚೂರು ಸಡಿಲವಾಗಿ ಕಟ್ಟಿ, ಅದಕ್ಕೊಂದು ಕೆಂಪು ದಾರ ಇಳಿಬಿಡಿ. ಓಡಿಸುವ ಮುಂಚೆ ದಾರ ಕಣ್ಣಿಗೆ ಬೀಳಬೇಕು, ಇಲ್ಲದಿದ್ದರೆ ಬಟ್ಟೆ ಅಲ್ಲೇ ಉಳಿದು ಅದೇ ಮತ್ತೊಂದು ತೊಂದರೆ.

ಜೆಸಿ ರೋಡ್ ಪಕ್ಕದವ

ಫೋಟೋ ನೋಡಿದೆ. ಪೆಟ್ರೋಲ್ ಪೈಪು ಬೇಕಾದ್ದಕ್ಕಿಂತ ಒಂದು ಗೇಣು ಉದ್ದ ಇದೆ ಸಾರ್. ಕಾಕ್‌ನಿಂದ (ಟ್ಯಾಂಕಿನ ಅಡಿಯ ಪೆಟ್ರೋಲ್ ನಲ್ಲಿ) ಹೊರಟು ಮೇಲೆದ್ದು ಒಂಟೆ ಬೆನ್ನಿನ ಹಾಗೆ ಡುಬ್ಬ ಮಾಡಿ ಆಮೇಲೆ ಇಳಿದಿದೆ. ಡುಬ್ಬದ ನೆತ್ತಿ ಸಿಲಿಂಡರ್ ಹೆಡ್ಡಿನ ಪಕ್ಕದಲ್ಲೇ ಇದೆ. ಇದರಲ್ಲಿ ಪಂಪ್ ಇಲ್ಲ, ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಇಳಿಯಬೇಕು. ಡುಬ್ಬದಲ್ಲಿ ಗಾಳಿ ಗುಳ್ಳೆ ನಿಂತರೆ ಅದು ಮೇಲೂ ಹೋಗುವುದಿಲ್ಲ, ಕೆಳಗೂ ಬರುವುದಿಲ್ಲ. ಬಿಸಿಗೆ ಪೆಟ್ರೋಲ್ ಆವಿಯಾದರೆ ಗುಳ್ಳೆ ಇನ್ನೂ ದೊಡ್ಡದಾಗುತ್ತದೆ.

ಪೈಪು ಕಾಕ್‌ನಿಂದ ಕಾರ್ಬುರೇಟರ್‌ವರೆಗೆ ಒಂದೇ ಸಮ ಇಳಿಜಾರಾಗಿ ಬರಲಿ, ನಮ್ಮ ಹಂಚಿನ ಮಾಡಿನ ಹಾಗೆ. ಹಾಗಂತ ಬಿಗಿಯಾಗಿ ಎಳೆದೂ ಹಾಕಬೇಡಿ. ಬುಲೆಟ್ ನಡುಕಕ್ಕೆ ಪೈಪು ಮೂತಿಯ ಹತ್ತಿರವೇ ಸೀಳುತ್ತದೆ. ಸಣ್ಣದೊಂದು ಬಾಗು ಇರಲಿ. ಫಿಲ್ಟರ್ ಕೂಡ ನೀವು ಅಡ್ಡ ಮಲಗಿಸಿದ್ದೀರಿ. ಜಾಗ ಇಲ್ಲದಿದ್ದರೆ ಅದನ್ನು ತೆಗೆದುಬಿಡಿ, ಕಾಕ್ ಒಳಗಿನ ಜಾಲರಿ ಚೊಕ್ಕ ಇದ್ದರೆ ಸಾಕು.

ಇನ್ನೊಂದು. ಟ್ಯಾಂಕ್ ಕೂರಿಸುವಾಗ ಅದರ ಅಡಿಗೆ ಪೈಪು ಸಿಕ್ಕಿ ಚಪ್ಪಟೆ ಆಗಿಲ್ಲ ತಾನೇ? ಬೆರಳು ಹಾಕಿ ಸವರಿ ನೋಡಿ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಗೊತ್ತಾಗುತ್ತದೆ.

ಹಾಸನದ ಆರ್‌ಎಕ್ಸ್

ಎಣ್ಣೆಕೈ ಅಣ್ಣ, ಒಂದು ಅನುಮಾನ. ಟಿ ಜಾಯಿಂಟ್ ತಪ್ಪು ಅಂದಿರಿ. ಆದರೆ ಕಾಡುದಾರಿಯಲ್ಲಿ ಓಡಿಸುವ ಟ್ರೇಲ್ ಬೈಕಿನವರು ವೆಂಟಿಗೆ ಬೇಕಂತಲೇ ಟಿ ಹಾಕುತ್ತಾರಲ್ವಾ?

ಎಣ್ಣೆಕೈ

ಒಳ್ಳೇ ಪ್ರಶ್ನೆ. ಅವರು ಟಿ ಹಾಕುವುದು ದಾರಿ ಒಂದು ಮಾಡಲು ಅಲ್ಲ, ಎರಡು ಮಾಡಲು. ವೆಂಟ್ ಪೈಪಿಗೆ ಟಿ ಕೊಟ್ಟು ಒಂದು ಕಾಲು ಕೆಳಗೆ, ಇನ್ನೊಂದು ಕಾಲು ಮೇಲೆ ಟ್ಯಾಂಕಿನ ಅಡಿಗೆ. ಹೊಳೆ ದಾಟುವಾಗ ಕೆಳಗಿನ ತುದಿ ನೀರಿನಲ್ಲಿ ಮುಳುಗಿದರೂ ಮೇಲಿನದು ಉಸಿರಾಡುತ್ತದೆ. ತೀರ್ಥಹಳ್ಳಿ ತಮ್ಮ ಮಾಡಿದ್ದು ಅದಕ್ಕೆ ಉಲ್ಟಾ. ಮೂರು ಮೂಗಿಗೆ ಒಂದೇ ಹೊಳ್ಳೆ. ಓವರ್‌ಫ್ಲೋ ಸೇರಿಸಿದ್ದು ಇನ್ನೂ ಕೆಟ್ಟದ್ದು. ಬೌಲಿಗೆ ಪೆಟ್ರೋಲ್ ಬರುವುದನ್ನು ನಿಲ್ಲಿಸುವ ನೀಡಲ್ ಕೆಳಗೆ ಕಸ ಸಿಕ್ಕಿ ಪೆಟ್ರೋಲ್ ಸುರಿಯಲು ಶುರುವಾದರೆ ಅದೇ ಪೆಟ್ರೋಲ್ ವೆಂಟ್ ಪೈಪನ್ನೂ ತುಂಬಿಬಿಡುತ್ತದೆ.

ಬುಲೆಟ್ಟಿಗೆ ನಾನು ಹಾಕುವ ರೀತಿ ಹೇಳುತ್ತೇನೆ.

ವೆಂಟ್ ಎರಡಕ್ಕೂ ಬೇರೆ ಬೇರೆ ಪೈಪು. ಮೂತಿಯಿಂದ ಮೇಲಕ್ಕೆ ತಗೊಂಡು ಟ್ಯಾಂಕಿನ ಅಡಿಯಲ್ಲಿ ಕೊಡೆಯ ಹಿಡಿಯಂತೆ ಬಗ್ಗಿಸಿ, ತುದಿ ಕೆಳಮುಖ ಮಾಡಿ ಬಿಡಿ. ನಡುವೆ ಎಲ್ಲೂ ತೊಟ್ಟಿಲಂತೆ ಜೋತುಬಿದ್ದ ತಗ್ಗು ಇರಬಾರದು. ತಗ್ಗಿನಲ್ಲಿ ಒಂದು ಚಮಚ ಪೆಟ್ರೋಲೋ ನೀರೋ ನಿಂತರೂ ಬಾಗಿಲು ಹಾಕಿದಂತೆಯೇ. ಬರುವ ಗಾಳಿಗೆ ಎದುರಾಗಿ ತುದಿ ಇಡಬೇಡಿ, ಸ್ಪೀಡಿನಲ್ಲಿ ಗಾಳಿ ಒತ್ತಡ ಬದಲಾಗಿ ಪೆಟ್ರೋಲ್ ಅಳತೆಯೂ ಬದಲಾಗುತ್ತದೆ. ಟ್ಯಾಂಕಿನ ಮರೆಯಲ್ಲಿ ಗಾಳಿ ಶಾಂತವಾಗಿರುತ್ತದೆ.

ಓವರ್‌ಫ್ಲೋ ಪೈಪು ಮಾತ್ರ ಕೆಳಗೆ. ಇದನ್ನು ಹಗುರವಾಗಿ ತಗೋಬೇಡಿ. ನಿಮ್ಮ ಗಾಡಿಯಲ್ಲಿ ಸಿಲಿಂಡರ್ ಹಿಂದೆ ಪ್ಲಗ್ಗಿಗೆ ಕಿಡಿ ಕೊಡುವ ಪಾಯಿಂಟ್ ಸೆಟ್ ಡಬ್ಬಿ ಇದೆ, ಕಾರ್ಬುರೇಟರ್ ಅದರ ಹತ್ತಿರವೇ. ಪೈಪಿಲ್ಲದೆ ಬಿಟ್ಟರೆ ಪೆಟ್ರೋಲ್ ಇಂಜಿನ್ ಮೇಲೇ ಸುರಿಯುತ್ತದೆ. ಪೈಪನ್ನು ಇಂಜಿನ್ ಮತ್ತು ಗೇರ್‌ಬಾಕ್ಸ್ ಹಿಂದಿನಿಂದ ಇಳಿಸಿ, ಚಾಸಿಯ ಕೆಳಗಿನ ಪೈಪಿಗಿಂತ ಎರಡು ಬೆರಳು ಕೆಳಗೆ ತುದಿ ಬರುವಂತೆ ಬಿಡಿ. ಸೈಲೆನ್ಸರ್ ಬಲಗಡೆ, ಅದರಿಂದ ದೂರ ಇರಲಿ. ಹಿಂದಿನ ಟೈರಿನ ಮುಂದೆ ನೇರವಾಗಿ ತುದಿ ಬರಬಾರದು. ಸ್ಟ್ಯಾಂಡ್ ಹಾಕಿ ತೆಗೆದು ನೋಡಿ, ಎಲ್ಲೂ ಸಿಕ್ಕಬಾರದು.

ಎಲ್ಲಾ ತುದಿಗಳನ್ನೂ ಓರೆಯಾಗಿ ಕತ್ತರಿಸಿ. ನೆಟ್ಟಗೆ ಕತ್ತರಿಸಿದ ತುದಿ ಯಾವುದಾದರೂ ತಗಡಿಗೆ ತಾಗಿ ಕೂತರೆ ಮುಚ್ಚಿಹೋಗುತ್ತದೆ, ಓರೆ ತುದಿ ಹಾಗೆ ಮುಚ್ಚುವುದಿಲ್ಲ. ಟೈ ಹಾಕುವಾಗ ಪೈಪು ಒಳಗೆ ಜಾರುವಷ್ಟು ಸಡಿಲ ಇರಲಿ. ಬಿಗಿ ಟೈನಿಂದ ಕುತ್ತಿಗೆ ಹಿಸುಕಿದ ಪೈಪು ನಾನು ವಾರಕ್ಕೊಂದು ನೋಡುತ್ತೇನೆ.

ಕೆಲವು ಕಾರ್ಬುರೇಟರಿನಲ್ಲಿ ವೆಂಟ್ ಮೂತಿ ಒಂದೇ ಇರುತ್ತದೆ. ಎಷ್ಟಿದ್ದರೂ ಲೆಕ್ಕ ಇದೇ.

ತೀರ್ಥಹಳ್ಳಿ ಬುಲೆಟ್

ತುಂಬಾ ಉಪಕಾರ ಅಣ್ಣಾ. ಇವತ್ತು ರಾತ್ರಿಯೇ ಪೈಪು ಬದಲಾಯಿಸುತ್ತೇನೆ. ಬ್ರೀದರ್ ವಿಷಯ ಕೂಡ ಹೇಳಿ. ಹೊರಡುವ ಮುಂಚೆ ಬೆಳಿಗ್ಗೆ ಡಿಪ್‌ಸ್ಟಿಕ್ ನೋಡಿದ್ದೆ, ಆಯಿಲ್ ಕಡಿಮೆ ಇತ್ತು, ಅರ್ಧ ಲೀಟರ್ ಹಾಕಿದ್ದೆ. ಇಂಜಿನ್ ರಿಂಗ್ಸ್ (ಪಿಸ್ಟನ್ ಸುತ್ತಲಿನ ಬಳೆ) ಹೋಗಿರಬಹುದಾ? ಇಲ್ಲೊಬ್ಬರು ಬೋರ್ ಮಾಡಿಸಬೇಕು, ಅಂದರೆ ಸಿಲಿಂಡರ್ ಕೊರೆಸಬೇಕು ಅಂದರು. ಅಷ್ಟು ದುಡ್ಡು ಈಗ ಇಲ್ಲ.

ಎಣ್ಣೆಕೈ

ತಡೀರಿ, ಬೋರ್ ಮಾತು ಈಗಲೇ ಬೇಡ. ನೀವೇ ಉತ್ತರ ಬರೆದಿದ್ದೀರಿ. ಅರ್ಧ ಲೀಟರ್ ಹಾಕಿದ್ದು ಗಾಡಿ ಸ್ಟಾರ್ಟ್ ಮಾಡುವ ಮುಂಚೆ, ಹೌದು ತಾನೇ?

ಹಳೇ ಬುಲೆಟ್ಟಿನಲ್ಲಿ ಆಯಿಲ್ ಟ್ಯಾಂಕ್ ಇಂಜಿನ್ ಜೊತೆಗೇ ಎರಕ ಹೊಯ್ದಿರುತ್ತದೆ. ಗಾಡಿ ತುಂಬಾ ದಿನ ನಿಂತರೆ ಟ್ಯಾಂಕಿನ ಆಯಿಲ್ ಪಂಪಿನ ಸಂದಿಯಿಂದ ನಿಧಾನವಾಗಿ ಜಾರಿ ಕ್ರ್ಯಾಂಕ್ ಇರುವ ಕಡೆಗೆ ಸೇರುತ್ತದೆ. ಆಗ ಡಿಪ್‌ಸ್ಟಿಕ್ ಹಾಕಿದರೆ ಟ್ಯಾಂಕ್ ಖಾಲಿ ಅನಿಸುತ್ತದೆ. ಆಯಿಲ್ ಎಲ್ಲೂ ಹೋಗಿಲ್ಲ, ಪಕ್ಕದ ಕೋಣೆಯಲ್ಲಿದೆ ಅಷ್ಟೇ. ನೀವು ಮೇಲೆ ಅರ್ಧ ಲೀಟರ್ ಸುರಿದಿರಿ. ಸ್ಟಾರ್ಟ್ ಆದ ಮೇಲೆ ಪಂಪು ಆ ಆಯಿಲನ್ನೆಲ್ಲ ಟ್ಯಾಂಕಿಗೆ ವಾಪಸ್ ಕಳಿಸಿತು. ಈಗ ಅರ್ಧ ಲೀಟರ್ ಜಾಸ್ತಿ. ಆ ಜಾಸ್ತಿ ಆಯಿಲ್ ಹೊರಡುವ ದಾರಿಯೇ ಬ್ರೀದರ್.

ಹತ್ತು ನಿಮಿಷ ಓಡಿಸಿ, ಬಿಸಿ ಮಾಡಿ, ಸೆಂಟರ್ ಸ್ಟ್ಯಾಂಡ್ ಹಾಕಿ ಆಮೇಲೆ ಡಿಪ್‌ಸ್ಟಿಕ್ ನೋಡಿ. ಜಾಸ್ತಿ ಇದ್ದರೆ ತೆಗೆಯಿರಿ. ಇನ್ನು ಮುಂದೆ ತಣ್ಣಗಿನ ಗಾಡಿಯ ಡಿಪ್‌ಸ್ಟಿಕ್ ನಂಬಿ ಆಯಿಲ್ ಹಾಕಬೇಡಿ.

ಪೈಪಿನ ವಿಷಯಕ್ಕೆ ಬರೋಣ. ನಿಮ್ಮ ಇಂಜಿನ್ ಬೋರ್ (ಸಿಲಿಂಡರ್ ಅಗಲ) 70 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 90. ಪಿಸ್ಟನ್ ಒಂದು ಸಲ ಕೆಳಗಿಳಿದರೆ ತನ್ನ ಅಡಿಯ 346 ಸಿಸಿ ಗಾಳಿಯನ್ನು ಒತ್ತುತ್ತದೆ. 3000 ಆರ್‌ಪಿಎಂನಲ್ಲಿ ಸೆಕೆಂಡಿಗೆ 50 ಸಲ. ಅಂದರೆ ಸೆಕೆಂಡಿಗೆ 17 ಲೀಟರ್ ಗಾಳಿ ಒಳಗೇ ಹಿಂದೆ ಮುಂದೆ ಆಡುತ್ತಿರುತ್ತದೆ, ಹೆಚ್ಚುಕಡಿಮೆ ಒಂದು ನೀರಿನ ಕ್ಯಾನ್. ಅದಕ್ಕೇ ಬ್ರೀದರಿಗೆ ಒಮ್ಮುಖ ವಾಲ್ವ್ ಕೊಡುತ್ತಾರೆ. ಬಾತುಕೋಳಿ ಕೊಕ್ಕಿನ ಹಾಗಿರುವ ರಬ್ಬರ್ ಇದೆಯಲ್ಲ, ಅದೇ. ಪಿಸ್ಟನ್ ಇಳಿದಾಗ ಕೊಕ್ಕು ತೆರೆದು ಗಾಳಿ ಹೊರಗೆ ಹೋಗುತ್ತದೆ. ಪಿಸ್ಟನ್ ಏರಿದಾಗ ಕೊಕ್ಕು ಮುಚ್ಚಿಕೊಳ್ಳುತ್ತದೆ. ಹೀಗೆ ಇಂಜಿನ್ ಒಳಗೆ ಒತ್ತಡ ಹೊರಗಿನದಕ್ಕಿಂತ ಸ್ವಲ್ಪ ಕಡಿಮೆಯೇ ಇರುತ್ತದೆ. ಒಳಗೆ ಎಳೆತ ಇದ್ದರೆ ಆಯಿಲ್ ಸಂದಿಯಿಂದ ಹೊರಗೆ ಬರುವುದಿಲ್ಲ.

ವಾಲ್ವ್ ಹೋದರೆ, ಇಲ್ಲ ಪೈಪು ಮಡಚಿದರೆ, ಒಳಗೆ ಒತ್ತಡ ಏರುತ್ತದೆ. ಆಗ ಎಲ್ಲಿ ಸಂದಿ ಇದೆಯೋ ಅಲ್ಲಿಂದ ಆಯಿಲ್. ನಿಮ್ಮ ಟ್ಯಾಪೆಟ್ ಕವರಿನ ಜಿನುಗು ಅದೇ ಇರಬೇಕು. ಗ್ಯಾಸ್ಕೆಟ್ ಬದಲಾಯಿಸಿ ಬದಲಾಯಿಸಿ ಸೋತವರು ತುಂಬಾ ಜನ, ಒಬ್ಬರೂ ಬ್ರೀದರ್ ಊದಿ ನೋಡಿರುವುದಿಲ್ಲ.

ರಬ್ಬರ್ ತೆಗೆದು ಪೆಟ್ರೋಲಿನಲ್ಲಿ ಅಲ್ಲ, ಸೋಪು ನೀರಿನಲ್ಲಿ ತೊಳೆಯಿರಿ. ಇಂಜಿನ್ ಕಡೆಯ ತುದಿಯಿಂದ ಊದಿದರೆ ಗಾಳಿ ಹೋಗಬೇಕು. ಎಳೆದರೆ ನಾಲಗೆಗೆ ಅಂಟಿದಂತೆ ಮುಚ್ಚಿಕೊಳ್ಳಬೇಕು. ತುಟಿ ಗಟ್ಟಿಯಾಗಿ ಬಾಯಿ ಬಿಟ್ಟುಕೊಂಡಿದ್ದರೆ ಹೊಸದು ಹಾಕಿ.

ತೀರ್ಥಹಳ್ಳಿ ಬುಲೆಟ್

ಅಣ್ಣಾ, ರಬ್ಬರ್ ಕೊಕ್ಕು ಇದೆ, ಆದರೆ ಬಾಯಿ ಪೂರ್ತಿ ತೆರೆದೇ ಇದೆ. ಮುಟ್ಟಿದರೆ ಪ್ಲಾಸ್ಟಿಕ್ ಹಾಗೆ ಗಟ್ಟಿ. ಊದಿದರೂ ಹೋಗುತ್ತದೆ, ಎಳೆದರೂ ಬರುತ್ತದೆ.

ನಾನು ಹಾಕಿದ ಪಾರದರ್ಶಕ ಪೈಪು ಚೈನ್ ಕೇಸಿನ ಹಿಂದೆ ತಿರುಗುವಲ್ಲಿ ಚಪ್ಪಟೆಯಾಗಿದೆ. ಬಿಸಿಗೆ ಮೆತ್ತಗಾಗಿ ಮಡಚಿ, ಆಮೇಲೆ ಹಾಗೇ ಗಟ್ಟಿಯಾಗಿದೆ. ಒಳಗೆ ಬೆಣ್ಣೆಯಂಥ ಬಿಳಿ ಪದಾರ್ಥ ಕಂಡು ಭಯ ಆಯ್ತು. ಇಂಜಿನ್ ಒಳಗೆ ನೀರು ಹೋಗಿದೆಯಾ?

ಕೊಪ್ಪದ ಮೇಷ್ಟ್ರು

ಬೆಣ್ಣೆಗೆ ಹೆದರಬೇಡಿ. ನಮ್ಮ ಮಲೆನಾಡಿನ ಗಾಡಿಗಳಲ್ಲಿ ಮಳೆಗಾಲದಲ್ಲಿ ಇದು ಸಾಮಾನ್ಯ. ಇಂಜಿನ್ ಒಳಗೆ ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ, ಅದರಲ್ಲಿ ಸ್ವಲ್ಪ ರಿಂಗ್ಸ್ ದಾಟಿ ಕೆಳಗಿಳಿಯುತ್ತದೆ. ಮನೆಯಿಂದ ಪೇಟೆಗೆ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಇಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಆವಿ ತಣ್ಣಗಿನ ಪೈಪಿನಲ್ಲಿ ನೀರಾಗಿ ಆಯಿಲ್ ಜೊತೆ ಕಡೆದು ಬೆಣ್ಣೆಯಾಗುತ್ತದೆ. ವಾರಕ್ಕೊಮ್ಮೆ ಇಪ್ಪತ್ತು ಮೂವತ್ತು ಕಿಲೋಮೀಟರ್ ಒಂದೇ ಸಮ ಓಡಿಸಿ. ಟ್ಯಾಂಕಿನ ಆಯಿಲ್ ಕೂಡ ಮಜ್ಜಿಗೆ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಆಯಿಲ್ ಬದಲಾಯಿಸಿ.

ಆದರೆ ಚಪ್ಪಟೆ ಪೈಪಿನಲ್ಲಿ ಬೆಣ್ಣೆ ತುಂಬಿದರೆ ಉಸಿರು ಪೂರ್ತಿ ನಿಲ್ಲುತ್ತದೆ. ಆ ಪೈಪು ಇವತ್ತೇ ಬಿಸಾಕಿ.

ಜೆಸಿ ರೋಡ್ ಪಕ್ಕದವ

ಹಾರ್ಡ್‌ವೇರ್ ಅಂಗಡಿಯ ಪಾರದರ್ಶಕ ಪೈಪು ಪಿವಿಸಿ. ಅದು ನೀರಿಗೆ ಸರಿ. ಬಿಸಿ ಆಯಿಲಿಗೆ ಮೆತ್ತಗಾಗುತ್ತದೆ, ಪೆಟ್ರೋಲಿಗೆ ಹಳದಿಯಾಗಿ ಕಡ್ಡಿಯಾಗುತ್ತದೆ. ಸಿಲಿಕೋನ್ ಪೈಪನ್ನೂ ಪೆಟ್ರೋಲಿಗೆ ಹಾಕಬೇಡಿ, ನೋಡಲು ಚೆಂದ, ಪೆಟ್ರೋಲ್ ಕುಡಿದು ಊದಿಕೊಳ್ಳುತ್ತದೆ. ಅಂಗಡಿಯಲ್ಲಿ ಪೆಟ್ರೋಲ್ ಹೋಸ್ ಅಂತಲೇ ಕೇಳಿ, ಒಳಗೆ ನೂಲಿನ ಹೆಣಿಗೆ ಇರುವ ನೈಟ್ರೈಲ್ ರಬ್ಬರಿನದು. ಪೈಪಿನ ಮೈಮೇಲೆ ಅಚ್ಚು ಹಾಕಿರುತ್ತಾರೆ, ಅಚ್ಚೇ ಇಲ್ಲದ್ದು ತಗೋಬೇಡಿ. ಫ್ಲೂರೋ ರಬ್ಬರ್ ಒಳಪದರದ್ದು ಸಿಕ್ಕಿದರೆ ದುಬಾರಿಯಾದರೂ ಅದೇ ಒಳ್ಳೆಯದು.

ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ಇ20 ಪೆಟ್ರೋಲ್ ಬಿಡುಗಡೆ ಆಯ್ತು. ಅದರಲ್ಲಿ ನೂರಕ್ಕೆ 20ರವರೆಗೆ ಎಥನಾಲ್. 1986ರ ಗಾಡಿಯ ರಬ್ಬರನ್ನು ಅದನ್ನು ಯೋಚಿಸಿ ಮಾಡಿದ್ದಲ್ಲ. ಎಥನಾಲ್ ನೀರನ್ನೂ ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯಾದರೆ ಕಾಕ್ ಬಂದ್ ಮಾಡಿ ಬೌಲ್ ಖಾಲಿ ಮಾಡಿಡಿ. ಪೈಪನ್ನು ವರ್ಷಕ್ಕೊಮ್ಮೆ ಬೆರಳ ನಡುವೆ ಬಗ್ಗಿಸಿ ನೋಡಿ. ಬಿರುಕು ಕಂಡರೂ, ಮೈ ಅಂಟಂಟಾದರೂ ಬದಲಾಯಿಸಿ. ಒಂದು ಮೀಟರ್ ಪೈಪಿಗಾಗಿ ಗಾಡಿಗೆ ಬೆಂಕಿ ಬೀಳುವುದು ಬೇಡ.

ಎಣ್ಣೆಕೈ

ಸರಿಯಾಗಿ ಹೇಳಿದಿರಿ. ಬ್ರೀದರಿಗೆ ದಪ್ಪ ಗೋಡೆಯ, ಆಯಿಲ್ ತಡೆಯುವ ರಬ್ಬರ್ ಪೈಪೇ ಬೇಕು. ಇಂಜಿನ್ ಮತ್ತು ಕೊಕ್ಕಿನ ನಡುವೆ ಪೈಪು ಆದಷ್ಟು ಗಿಡ್ಡ ಇರಲಿ. ಅಲ್ಲಿ ಉದ್ದದ ಮೆತ್ತನೆ ಪೈಪು ಹಾಕಿದರೆ ಪೈಪೇ ಉಬ್ಬಿ ಇಳಿದು ಉಸಿರಾಡುತ್ತದೆ, ವಾಲ್ವಿಗೆ ಕೆಲಸ ಇರುವುದಿಲ್ಲ. ಕೊಕ್ಕಿನ ನಂತರ ಎಷ್ಟು ಉದ್ದ ಇದ್ದರೂ ಪರವಾಗಿಲ್ಲ, ಒಂದೇ ಸಮ ಇಳಿಜಾರಾಗಿರಬೇಕು.

ಹಳೇ ಬುಲೆಟ್ಟುಗಳಲ್ಲಿ ಈ ತುದಿಯನ್ನು ಹಿಂದಿನ ಚೈನಿನ ಹತ್ತಿರ ಬಿಡುತ್ತಿದ್ದರು. ಆಯಿಲ್ ಮಂಜು ಚೈನಿಗೆ ಬೀಳಲಿ ಅಂತ. ಚೈನ್ ಎಡಗಡೆ, ನಿಮ್ಮ ಟೈರಿನ ಎಡಪಕ್ಕ ಒದ್ದೆ ಆದದ್ದು ಅದಕ್ಕೇ. ಆಮೇಲಿನ ವರ್ಷಗಳಲ್ಲಿ ಆಯಿಲ್ ಹಿಡಿಯುವ ಸಣ್ಣ ಡಬ್ಬಿ ಬಂತು. ಘಾಟಿ ಮಳೆಯಲ್ಲಿ ಓಡಿಸುವ ನಿಮಗೆ ಡಬ್ಬಿಯೇ ಸರಿ ಅಂತ ನನ್ನ ಅಭಿಪ್ರಾಯ. ಟೈರಿನ ಮೇಲೆ ಆಯಿಲ್ ಬೀಳುವ ಸಾಧ್ಯತೆಯೇ ಇರಬಾರದು. ಡಬ್ಬಿಗೆ ಎರಡು ದಾರಿ ಇರಲಿ, ಒಂದು ಪೈಪು ಬರಲು, ಇನ್ನೊಂದು ಗಾಳಿ ಹೋಗಲು. ಒಬ್ಬರು ನೀರಿನ ಬಾಟಲಿಗೆ ಪೈಪು ತೂರಿಸಿ ಸುತ್ತ ಎಂ ಸೀಲ್ ಹಚ್ಚಿ ಬಂದಿದ್ದರು, ಆಯಿಲ್ ಸೀಲೇ ಹೊರಗೆ ಬಂದಿತ್ತು.

ಅಪ್ಪನ ಸ್ಪ್ಲೆಂಡರ್

ನಮಸ್ತೆ. ಅಪ್ಪನ ಹಳೇ ಸ್ಪ್ಲೆಂಡರ್ ಈಗ ನಾನು ಓಡಿಸುತ್ತೇನೆ. ಅದರಲ್ಲಿ ಇಂಜಿನ್ ಬ್ರೀದರ್ ಪೈಪು ಏರ್ ಫಿಲ್ಟರ್ ಡಬ್ಬಿಗೆ ಹೋಗಿದೆ. ಅದನ್ನು ಕಿತ್ತು ಹೊರಗೆ ಬಿಟ್ಟರೆ ಒಳ್ಳೆಯದು ಅಂತ ಒಬ್ಬರು ಹೇಳಿದರು. ಮಾಡಲಾ?

ಎಣ್ಣೆಕೈ

ಬೇಡ ಅಕ್ಕ. ನಿಮ್ಮದು ಬೇರೆ ಪದ್ಧತಿ. ಇಂಜಿನ್ ಬಿಟ್ಟ ಹೊಗೆಯನ್ನು ಫಿಲ್ಟರ್ ಡಬ್ಬಿ ಎಳೆದುಕೊಂಡು ಮತ್ತೆ ಉರಿಸುತ್ತದೆ. ಕಿತ್ತರೆ ಡಬ್ಬಿಯಲ್ಲಿ ತೂತು ಉಳಿಯುತ್ತದೆ, ಅಲ್ಲಿಂದ ಧೂಳು ಹೋದರೆ ಇಂಜಿನ್ ಸವೆಯುತ್ತದೆ. ನೀವು ನೋಡಬೇಕಾದ್ದು ಇನ್ನೊಂದು. ಡ್ರೈನ್ ಪೈಪು ಅಂತ ಕೆಳಗೆ ಜೋತುಬಿದ್ದ, ತುದಿಗೆ ಮುಚ್ಚಳ ಇರುವ ಗಿಡ್ಡ ಪೈಪು ಹುಡುಕಿ. ಅದರಲ್ಲಿ ನೀರು, ಆಯಿಲ್ ಸೇರಿಕೊಳ್ಳುತ್ತದೆ. ಮಳೆಯಲ್ಲಿ ಜಾಸ್ತಿ ಓಡಿಸಿದರೆ ಬೇಗ ತುಂಬುತ್ತದೆ. ಮುಚ್ಚಳ ತೆಗೆದು ಖಾಲಿ ಮಾಡಿ, ಮತ್ತೆ ಹಾಕಿ.

ಯಾದವಗಿರಿ ಯೆಜ್ಡಿ

ಮೈಸೂರಿನಿಂದ. ನಮ್ಮ ಐಡಿಯಲ್ ಜಾವಾ ಕಂಪನಿಯ ಹಳೇ ಯೆಜ್ಡಿ ಇಟ್ಟುಕೊಂಡವರು ಇದನ್ನೆಲ್ಲ ಓದಿ ತಮ್ಮ ಗಾಡಿಯಲ್ಲೂ ಇಂಜಿನ್ ಬ್ರೀದರ್ ಹುಡುಕುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ. ಆ ಯೆಜ್ಡಿ ಟೂ ಸ್ಟ್ರೋಕ್. ಪೆಟ್ರೋಲ್ ಗಾಳಿ ಕ್ರ್ಯಾಂಕ್‌ಕೇಸ್ ಒಳಗಿಂದಲೇ ಹಾದು ಸಿಲಿಂಡರಿಗೆ ಹೋಗುತ್ತದೆ. ಅಲ್ಲಿ ಒಂದು ಸೂಜಿ ಮೊನೆಯಷ್ಟು ಗಾಳಿ ಸೇರಿದರೂ ಪೆಟ್ರೋಲ್ ಕಡಿಮೆ ಆಗಿ ಪಿಸ್ಟನ್ ಸಿಲಿಂಡರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಬ್ರೀದರ್ ಇಲ್ಲ, ಇರಲೂಬಾರದು. ಕಾರ್ಬುರೇಟರ್ ವೆಂಟ್, ಓವರ್‌ಫ್ಲೋ ಮಾತು ಮಾತ್ರ ಎಲ್ಲರಿಗೂ ಒಂದೇ.

ಹಾಸನದ ಆರ್‌ಎಕ್ಸ್

ಆರ್‌ಎಕ್ಸ್ 100ಕ್ಕೆ ಒಂದು ಮಾತು ಸೇರಿಸುತ್ತೇನೆ. 2ಟಿ ಆಯಿಲ್ (ಟೂ ಸ್ಟ್ರೋಕ್ ಇಂಜಿನ್ನಿಗೆ ಹಾಕುವ ಆಯಿಲ್) ಟ್ಯಾಂಕಿಗೂ ಗಾಳಿ ಹೋಗುವ ದಾರಿ ಬೇಕು. ಅದು ಕಟ್ಟಿದರೆ ಪಂಪಿಗೆ ಆಯಿಲ್ ಬರುವುದಿಲ್ಲ. ಪೆಟ್ರೋಲ್ ನಿಂತರೆ ಗಾಡಿ ನಿಲ್ಲುತ್ತದೆ ಅಷ್ಟೇ, ಆಯಿಲ್ ನಿಂತರೆ ಇಂಜಿನ್ನೇ ಹೋಗುತ್ತದೆ. ಪೈಪು ಬದಲಾಯಿಸಿದ ಮೇಲೆ ಒಳಗೆ ಒಂದೂ ಗಾಳಿ ಗುಳ್ಳೆ ಇಲ್ಲದ ಹಾಗೆ ಪಂಪಿನ ಸ್ಕ್ರೂ ಸಡಿಲಿಸಿ ಹೊರಗೆ ಬಿಡಿ.

ತೀರ್ಥಹಳ್ಳಿ ಬುಲೆಟ್

ಎಲ್ಲರಿಗೂ, ಎರಡು ವಾರದ ವರದಿ.

ವೆಂಟ್ ಎರಡೂ ಬೇರೆ ಬೇರೆ ಮಾಡಿ ಟ್ಯಾಂಕಿನ ಅಡಿಗೆ ಏರಿಸಿದೆ. ಓವರ್‌ಫ್ಲೋ ಒಂಟಿಯಾಗಿ ಗೇರ್‌ಬಾಕ್ಸ್ ಹಿಂದಿನಿಂದ ಕೆಳಗೆ. ಪೆಟ್ರೋಲ್ ಪೈಪು ಏಳು ಇಂಚಿಗೆ ಕತ್ತರಿಸಿದೆ, ಡುಬ್ಬ ಹೋಯ್ತು. ಬಿಸಿ ಮಾಡಿ ಡಿಪ್‌ಸ್ಟಿಕ್ ನೋಡಿದರೆ ಆಯಿಲ್ ಗೆರೆಗಿಂತ ಮೇಲೇ ಇತ್ತು. ಗೆರೆಗೆ ಬರುವವರೆಗೆ ತೆಗೆದೆ, ಹತ್ತಿರ ಹತ್ತಿರ ಕಾಲು ಲೀಟರ್. ಉಳಿದದ್ದು ಟೈರಿಗೆ ಹೋಗಿತ್ತು. ಟೈರನ್ನು ಸೋಪು ಹಾಕಿ ಮೂರು ಸಲ ಉಜ್ಜಿದೆ. ಹೊಸ ಕೊಕ್ಕಿನ ರಬ್ಬರ್, ಹೊಸ ಬ್ರೀದರ್ ಪೈಪು, ಒಂದು ಡಬ್ಬಿ.

ನಿನ್ನೆ ಅಪ್ಪನನ್ನು ಹಿಂದೆ ಕೂರಿಸಿಕೊಂಡು ಸೋಮೇಶ್ವರಕ್ಕೆ ಇಳಿದು ಮತ್ತೆ ಹತ್ತಿದೆ. ಜೋರು ಮಳೆ. ಹದಿನಾಲ್ಕೂ ತಿರುವು ಸೆಕೆಂಡ್ ಗೇರಿನಲ್ಲಿ ಒಂದೇ ಉಸಿರಿಗೆ. ಮೇಲೆ ಸೂರ್ಯಾಸ್ತದ ಕಟ್ಟೆ ಹತ್ತಿರ ನಿಲ್ಲಿಸಿದಾಗ ಅಪ್ಪ ಇಳಿದು, ಏನೂ ಮಾತಾಡದೆ ಬಗ್ಗಿ ಹಿಂದಿನ ಟೈರಿನ ಎಡಪಕ್ಕ ಅಂಗೈಯಿಂದ ಸವರಿ ನೋಡಿದರು. ಬರೀ ನೀರು.

ಡಬ್ಬಿಯಲ್ಲಿ ತಳ ಒದ್ದೆಯಾಗುವಷ್ಟು ಆಯಿಲ್ ಇದೆ. ಅದು ಸರಿಯಾ ಅಣ್ಣಾ?

ಎಣ್ಣೆಕೈ

ಸರಿ ತಮ್ಮ. 500 ಕಿಲೋಮೀಟರ್ ಆದ ಮೇಲೆ ಮತ್ತೆ ನೋಡಿ, ಅಳತೆ ಬರೆದಿಟ್ಟುಕೊಳ್ಳಿ. ಟ್ಯಾಪೆಟ್ ಕವರ್ ಒರೆಸಿ ಒಣಗಿಸಿಡಿ, ಮತ್ತೆ ಜಿನುಗಿದರೆ ಮಾತ್ರ ಗ್ಯಾಸ್ಕೆಟ್.

ಅಪ್ಪನ ಸ್ಪ್ಲೆಂಡರ್

ನೀವು ಹೇಳಿದ ಪೈಪು ಸಿಕ್ಕಿತು ಅಣ್ಣಾ. ಮುಚ್ಚಳ ತೆಗೆದ ಕೂಡಲೇ ಕಾಫಿ ಬಣ್ಣದ ನೀರು ಅರ್ಧ ಲೋಟ ಸುರಿಯಿತು. ಎಷ್ಟು ವರ್ಷದಿಂದ ಇತ್ತೋ ಗೊತ್ತಿಲ್ಲ. ಮುಚ್ಚಳ ವಾಪಸ್ ಹಾಕಿದ್ದೇನೆ.